ಅಪ್ಪನ ಜಾವಾಗೆ ಪಿಯು ಪೇಂಟೇ ಯಾಕೆ ಹೊಡೆಸಿದೆ

ಅಪ್ಪನದು 1968ರ ಜಾವಾ 250 ಬೈಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ ಬಂಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಬಂಡಿ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು.

ಮೊದಲ ಸಲ ಅವಸರ ಮಾಡಿದೆ. ಹಳೇ ಬಣ್ಣವನ್ನು ಮೇಲಮೇಲೆ ಉಜ್ಜಿಸಿ, ಅದರ ಮೇಲೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆಸಿದೆ. ಬಣ್ಣ ಬಿದ್ದ ಸ್ವಲ್ಪ ಹೊತ್ತಿಗೇ ಟ್ಯಾಂಕ್ ಮೇಲೆ ಹಾಲಿನ ಕೆನೆ ಥರ ಸುಕ್ಕು ಎದ್ದಿತು. ಒಳಗಿದ್ದದ್ದು ಸಿಂಥೆಟಿಕ್ ಎನಾಮಲ್. ಎನ್‌ಸಿ ತಿನ್ನರ್ ತಾಕಿದರೆ ಅದು ಉಬ್ಬಿ ಏಳುತ್ತದೆ. ಬಟ್ಟೆಗೆ ಸ್ವಲ್ಪ ತಿನ್ನರ್ ಹಚ್ಚಿ, ಟ್ಯಾಂಕಿನ ಅಡಿಯಲ್ಲಿ ಒತ್ತಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ, ಸುಕ್ಕಾದರೆ ಎನಾಮಲ್, ಏನೂ ಆಗದಿದ್ದರೆ ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್.

ಎರಡನೇ ಸಲ ಬರೀ ಲೋಹ ಕಾಣುವವರೆಗೆ ಎಲ್ಲ ತೆಗೆದೆ. ಆಮೇಲೆ ಯಾವ ಪೇಂಟ್ ಅನ್ನೋದನ್ನು ತೀರ್ಮಾನಿಸಿದ್ದು ಪೆಟ್ರೋಲ್ ಟ್ಯಾಂಕ್. ಜಾವಾಗೆ ಪೆಟ್ರೋಲ್ ಜೊತೆ ಆಯಿಲ್ ಕೂಡ ಟ್ಯಾಂಕಿಗೇ ಹಾಕಬೇಕು, ಎಷ್ಟು ಹುಷಾರಾಗಿದ್ದರೂ ಮುಚ್ಚಳದ ಸುತ್ತ ಚೆಲ್ಲುತ್ತದೆ. ಎನ್‌ಸಿಗೆ ಪೆಟ್ರೋಲ್ ತಡೆಯುವ ಶಕ್ತಿ ಕಡಿಮೆ, ಕಲೆ ಬೀಳುತ್ತದೆ. ಮಳೆಗಾಲದಲ್ಲಿ ಹೊಡೆದರೆ ಗಾಳಿಯ ತೇವಕ್ಕೆ ಬೆಳ್ಳಗೆ ಮಂಕಾಗೋದೂ ಉಂಟು. ಸುಮ್ನೆ ಶೋಗೆ ನಿಲ್ಲಿಸುವ ಬಂಡಿಯಾದರೆ ನಾನೂ ಎನ್‌ಸಿಯನ್ನೇ ಆರಿಸುತ್ತಿದ್ದೆ, ಅದರ ಮೆತ್ತಗಿನ ಹೊಳಪು ಹಳೇ ಬಂಡಿಗೆ ಚೆಂದ ಒಪ್ಪುತ್ತದೆ. ನನ್ನದು ಓಡುವ ಬಂಡಿ, ಅದಕ್ಕೇ ಬಣ್ಣವನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸುವ ಪಿಯು. ಅದರಲ್ಲೂ ಮೇಲೆ ಬೇರೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಬೇಡದ, ತಾನೇ ಹೊಳೆಯುವ ಬಗೆ. ಕ್ಲಿಯರ್ ಜಾಸ್ತಿಯಾದರೆ ಬಂಡಿಗೆ ಗಾಜಿನ ಹೊದಿಕೆ ಹಾಕಿದಂತೆ ಕಾಣುತ್ತದೆ, ನನಗೆ ಅದು ಇಷ್ಟವಿಲ್ಲ.

ಬಣ್ಣ ಹೊಂದಿಸಿದ್ದೇ ದೊಡ್ಡ ಕೆಲಸ. ಟ್ಯಾಂಕಿನ ಪಕ್ಕದ ಮಂಡಿ ರಬ್ಬರ್ ಬಿಚ್ಚಿದಾಗ, ಅಡಿಯಲ್ಲಿ ಬಿಸಿಲು ಕಾಣದ ಮರೂನ್ ಸಿಕ್ಕಿತ್ತು. ಹೊರಗಿನ ಬಣ್ಣಕ್ಕಿಂತ ಎಷ್ಟು ಗಾಢ, ಕಾಫಿ ಡಿಕಾಕ್ಷನ್ನಿಗೆ ಕೆಂಪು ಬೆರೆಸಿದ ಹಾಗೆ! ಆ ಜಾಗದ ಫೋಟೋ ಸಾಲದು ಅಂತ ಟ್ಯಾಂಕನ್ನೇ ಪೇಂಟ್ ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ. ಉಜ್ಜಿಸುವ ಮೊದಲು ಮಾಡಬೇಕಾದ ಕೆಲಸ ಇದು, ಅದೊಂದನ್ನು ಮಾತ್ರ ಮೊದಲ ಸಲವೇ ಸರಿಯಾಗಿ ಮಾಡಿದ್ದೆ.

ಎಪಾಕ್ಸಿ ಪ್ರೈಮರ್, ಪುಟ್ಟಿ, ವಾಟರ್ ಪೇಪರಿನಲ್ಲಿ ಉಜ್ಜುವ ಕೆಲಸ ಎಲ್ಲ ನಾನೇ ಮಾಡಿದೆ. ಚಾಸಿಸ್ ನಂಬರ್ ಮೇಲೆ ಟೇಪ್ ಹಾಕೋದು ಮರೆಯಬೇಡಿ, ದಪ್ಪ ಬಣ್ಣಕ್ಕೆ ಅಕ್ಷರ ಮುಚ್ಚಿಹೋಗುತ್ತದೆ. ಪಿಯು ಸ್ಪ್ರೇ ಮಾತ್ರ ಮನೆಯಲ್ಲಿ ಮಾಡಲಿಲ್ಲ. ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಟ್ಟೆ ಮಾಸ್ಕ್ ಯಾವುದಕ್ಕೂ ಸಾಲದು. ಹೊರಗಿನ ಗಾಳಿ ಬರುವ ಮಾಸ್ಕ್ ಇರುವ ಪೇಂಟ್ ಬೂತಿಗೇ ಕೊಟ್ಟೆ.

ಹಾರ್ಡನರ್ ಬೆರೆಸದ ಬಣ್ಣ ಸ್ವಲ್ಪ ಉಳಿದಿತ್ತು. ಚಿಕ್ಕ ಡಬ್ಬಿಗೆ ತುಂಬಿ, ಬೆರಕೆಯ ಲೆಕ್ಕ ಬರೆದ ಚೀಟಿ ಅಂಟಿಸಿ, ಅಪ್ಪನ ಸ್ಪಾನರ್ ಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ.