ಊರು ಬಿಟ್ಟು ಹೋದ ಅಜ್ಜನನ್ನು ಹಳೆಯ ದಾಖಲೆಗಳಲ್ಲಿ ಹುಡುಕುವುದು ಹೇಗೆ?

"ಘಟ್ಟಕ್ಕೆ ಹೋದರು, ಮತ್ತೆ ಬರಲಿಲ್ಲ." "ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರಂತೆ, ಆಮೇಲೆ ಸುದ್ದಿಯೇ ಇಲ್ಲ." ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬರಿದ್ದಾರೆ. ಈಗ ಮೊಮ್ಮಕ್ಕಳು ಅವರನ್ನು ಹುಡುಕಲು ಹೊರಡುತ್ತಿದ್ದಾರೆ. ಒಳ್ಳೆಯ ಕೆಲಸ, ಮಾಡಲೇಬೇಕಾದ ಕೆಲಸ. ಆದರೆ ಹೆಚ್ಚಿನವರು ನೇರ ತಾಲೂಕು ಕಚೇರಿಗೆ ಹೋಗಿ "ಹಳೇ ಜನಗಣತಿ ಪುಸ್ತಕ ತೋರಿಸಿ" ಎನ್ನುತ್ತಾರೆ, ಬರಿಗೈಯಲ್ಲಿ ವಾಪಸ್ ಬರುತ್ತಾರೆ, ಅಲ್ಲಿಗೇ ಕೈಬಿಡುತ್ತಾರೆ. ಇದನ್ನು ನೋಡಿ ನೋಡಿ ಬೇಸರವಾಗಿ ಬರೆಯುತ್ತಿದ್ದೇನೆ.

ಜನಗಣತಿ: ಹೆಸರಿಗಲ್ಲ, ಊರಿಗೆ

ನಮ್ಮ ಜನಗಣತಿಯಲ್ಲಿ ಅಜ್ಜನ ಹೆಸರು ಸಿಗುವುದಿಲ್ಲ. ದೇಶದಲ್ಲೆಲ್ಲ ಒಟ್ಟಿಗೆ ಎಣಿಕೆ ಶುರುವಾದದ್ದು 1881ರಲ್ಲಿ. ಮನೆಮನೆಯಿಂದ ಬರೆದುಕೊಂಡ ಚೀಟಿಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳಲಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರವನ್ನು ಬೇರೆಯವರಿಗೆ ತೋರಿಸುವಂತೆಯೂ ಇಲ್ಲ. ವಿದೇಶಿ ವಂಶಾವಳಿ ವೆಬ್‌ಸೈಟುಗಳಿಗೆ ಇದಕ್ಕಾಗಿ ಸುಮ್ನೆ ದುಡ್ಡು ಕಟ್ಟಬೇಡಿ.

ಅಚ್ಚಾದ ಜನಗಣತಿ ಸಂಪುಟಗಳು ಮಾತ್ರ ಬೇಕು. ನಿಮ್ಮ ಊರು ಆಗ ಯಾವ ತಾಲೂಕಿನಲ್ಲಿತ್ತು, ಹೆಸರನ್ನು ಹೇಗೆ ಬರೆಯುತ್ತಿದ್ದರು ಎಂಬುದನ್ನು ಅವುಗಳಿಂದ ತಿಳಿಯಬಹುದು. 1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹಾಗಾಗಿ 1951 ಮತ್ತು ಅದಕ್ಕೂ ಹಿಂದಿನದಕ್ಕೆ ಮದ್ರಾಸಿನ ಸಂಪುಟ ನೋಡಬೇಕು, ಮೈಸೂರಿನದ್ದಲ್ಲ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಅದು ‘ಉಡಿಪಿ’. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಈ ಸಂಪುಟಗಳು ಪುಕ್ಕಟೆ ಸಿಗುತ್ತವೆ.

ಹೆಸರು ಮತ್ತು ವರ್ಷ ಗಟ್ಟಿ ಮಾಡಿಕೊಳ್ಳಿ

ಕೆಲಸ ಕೆಡುವುದು ಇಲ್ಲೇ. ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಯಾವ ವರ್ಷ?" "ತುಂಬ ಹಿಂದೆ" ಎಂದರೆ ಯಾರೂ ಪುಸ್ತಕ ತೆಗೆಯುವುದಿಲ್ಲ.

ಮನೆಯ ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ಆದರೆ ‘ಮಾರಿಬೊಳ್ಳದ ವರ್ಷ’ ಎನ್ನುತ್ತಾರೆ. ಅದು 1923ರ ನೇತ್ರಾವತಿ ನೆರೆ. 1974ರಲ್ಲೂ ದೊಡ್ಡ ನೆರೆ ಬಂದಿತ್ತು. ಹಾಗಾಗಿ ಯಾವ ನೆರೆ ಎಂದು ಕೇಳಿಯೇ ಬರೆದುಕೊಳ್ಳಿ. ಜಾತಕದಲ್ಲೋ ಹಳೆಯ ಲೆಕ್ಕದ ಪುಸ್ತಕದಲ್ಲೋ ಸಂವತ್ಸರ ಇದ್ದರೆ ಇನ್ನೂ ಒಳ್ಳೆಯದು. ‘ಕಾಳಯುಕ್ತಿ’ ಎಂದಿದ್ದರೆ 1918ರ ಎಪ್ರಿಲ್‌ನಿಂದ ಮುಂದಿನ ಒಂದು ವರ್ಷ. ಇನ್‌ಫ್ಲುಯೆಂಜಾ ಊರೂರು ಬಾಚಿಕೊಂಡು ಹೋದ ಕಾಲ ಅದು. ಅದೇ ಸಂವತ್ಸರ ಅರವತ್ತು ವರ್ಷಕ್ಕೆ, 1978ರಲ್ಲಿ, ಮತ್ತೆ ಬಂದಿದೆ ಎಂಬುದೂ ನೆನಪಿರಲಿ. "ಆಟಿಯಲ್ಲಿ ತೀರಿಕೊಂಡರು" ಎಂದು ಯಾರಾದರೂ ಹೇಳಿದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ಪುಟಗಳನ್ನಷ್ಟೇ ನೋಡಿದರೆ ಸಾಕು.

ಇನ್ನು ಹೆಸರು. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಮನೆಯವರು ಅಪ್ಪನ ಹೆಸರೊಂದನ್ನೇ ಹಿಡಿದು ಹುಡುಕಬಾರದು. ತಾಯಿಯ ಹೆಸರು, ಸೋದರಮಾವನ ಹೆಸರು, ತರವಾಡು ಮನೆಯ (ಕುಟುಂಬದ ಮೂಲಮನೆಯ) ಹೆಸರು ಮೂರೂ ಬೇಕು. ‘ಇಂಥವರ ಅಳಿಯ’ ಎಂದು ಬರೆದದ್ದನ್ನು ‘ಮಗ’ ಎಂದು ಹುಡುಕಿದರೆ ಸಿಗುವುದು ಹೇಗೆ? ಈಗ ಹೆಸರಿನ ಮುಂದೆ ಇರುವ ಶೆಟ್ಟಿ, ಪೂಜಾರಿ, ಸುವರ್ಣ ಆಗ ಇಲ್ಲದೆಯೂ ಇರಬಹುದು. ಬರೇ ‘ಕೊರಗಪ್ಪ’, ಪಕ್ಕದ ಕಾಲಂನಲ್ಲಿ ಜಾತಿ, ಅಷ್ಟೇ. ಇಂಗ್ಲಿಷಿನಲ್ಲಿ ಬರೆದ ಗುಮಾಸ್ತರಿಗೆ ಡ-ದ, ಟ-ತ, ಳ-ಲ ಎಲ್ಲ ಒಂದೇ. ಮುಂಡಪ್ಪ, ಮಂದಪ್ಪ, ಮುದ್ದಪ್ಪ ಮೂರನ್ನೂ ಪಟ್ಟಿ ಮಾಡಿಕೊಂಡು ಹೋಗಿ. ಕಾಗುಣಿತ ನೋಡಬೇಡಿ, ಹೆಸರನ್ನು ಬಾಯಿಬಿಟ್ಟು ಓದಿ. ವಯಸ್ಸು ಮೂವತ್ತು, ನಲವತ್ತೈದು ಎಂದು ಅಂದಾಜಿಗೆ ಬರೆದಿರುತ್ತಾರೆ. ಅದೊಂದು ಹೊಂದಲಿಲ್ಲ ಎಂದು ಆ ಮನುಷ್ಯನನ್ನೇ ಬಿಡಬೇಡಿ.

ಮರಣ ನೋಂದಣಿ ಪುಸ್ತಕ

ಸಾವನ್ನು ನೋಂದಾಯಿಸುವುದು ಸತ್ತ ಜಾಗದಲ್ಲಿ, ಹುಟ್ಟಿದ ಊರಿನಲ್ಲಲ್ಲ. ಬ್ರಹ್ಮಾವರದವರು ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮಂಗಳೂರು ಪೇಟೆಯ ಪುಸ್ತಕ ನೋಡಬೇಕು. ಮುಂಬಯಿಯಲ್ಲಾದರೆ ಅಲ್ಲಿನ ಮಹಾನಗರಪಾಲಿಕೆಯದ್ದು. ಊರಿನ ಪುಸ್ತಕದಲ್ಲಿ ಇಲ್ಲ ಎಂದು ಅತ್ತು ಬಂದವರು ಎಷ್ಟು ಜನ!

ನೋಂದಣಿ ಅಧಿಕಾರಿಗೆ ಅರ್ಜಿ, ಶುಲ್ಕ ಕೊಟ್ಟು ಹುಡುಕಿಸಬಹುದು. ಅದು 1969ರ ಜನನ ಮರಣ ನೋಂದಣಿ ಕಾಯ್ದೆ ಕೊಟ್ಟ ಹಕ್ಕು. ನಿಮಗೆ ಸಿಗುವ ನಕಲಿನಲ್ಲಿ ಸಾವಿನ ಕಾರಣ ಇರುವುದಿಲ್ಲ, ಅದನ್ನು ಕೊಡಬಾರದು ಎಂದು ಅದೇ ಕಾಯ್ದೆ ಹೇಳುತ್ತದೆ. ಅಲ್ಲಿ ಜಗಳ ಬೇಡ.

ಆಸ್ಪತ್ರೆ

ಮೊದಲು ಆಗ ಆ ಆಸ್ಪತ್ರೆ ಇತ್ತಾ ನೋಡಿ. ವೆನ್ಲಾಕ್ 1848ರದ್ದು. ಕಂಕನಾಡಿಯ ಫಾದರ್ ಮುಲ್ಲರ್ 1880, ಉಡುಪಿಯ ಮಿಷನ್ ಆಸ್ಪತ್ರೆ 1923, ಲೇಡಿಗೋಷನ್ 1932. ಮಣಿಪಾಲದ ಕಸ್ತೂರ್ಬಾ ಶುರುವಾದದ್ದು 1961ರಲ್ಲಿ. 1940ರ ರೋಗಿಯನ್ನು ಅಲ್ಲಿ ಹುಡುಕಿ ಫಲವಿಲ್ಲ.

ಒಳರೋಗಿಯ ಕಾಗದಗಳನ್ನು ವೈದ್ಯರು ಮೂರು ವರ್ಷ ಇಟ್ಟುಕೊಂಡರೆ ಸಾಕು ಎಂದು ನಿಯಮವಿದೆ. ಹಾಗಾಗಿ ‘ಕೇಸ್ ಶೀಟ್’ ಕೇಳಬೇಡಿ, ಇಲ್ಲ ಎಂದೇ ಹೇಳುತ್ತಾರೆ. ‘ಒಳರೋಗಿಗಳ ದಾಖಲಾತಿ ರಿಜಿಸ್ಟರ್’ ಉಳಿದಿದೆಯಾ ಎಂದು ಕೇಳಿ. ಉದ್ದ ಪುಸ್ತಕ, ಅಂಚು ಗೆದ್ದಲು ತಿಂದಿರುತ್ತದೆ. ಹೆಸರಿನ ಕ್ರಮದಲ್ಲಿರುವುದಿಲ್ಲ, ಸೇರಿದ ದಿನದ ಕ್ರಮದಲ್ಲಿರುತ್ತದೆ. ಸಾಲಿನ ಕೊನೆಯ ಕಾಲಂ ತಪ್ಪದೆ ನೋಡಿ. ‘ಕ್ಯೂರ್ಡ್’ ಅಂದರೆ ಗುಣವಾಯಿತು, ‘ರಿಲೀವ್ಡ್’ ಅಂದರೆ ಸ್ವಲ್ಪ ಸುಧಾರಿಸಿತು, ‘ಡೈಡ್’ ಗೊತ್ತೇ ಇದೆ. ‘ಡಿಸ್‌ಚಾರ್ಜ್ಡ್ ಅದರ್‌ವೈಸ್’ ಎಂದಿದ್ದರೆ ಜೀವಂತ ಹೊರಗೆ ಹೋಗಿದ್ದಾರೆ, ಆದರೆ ಗುಣವಾಗಿ ಅಲ್ಲ. ಹುಡುಕಾಟ ಅಲ್ಲಿಂದ ಮುಂದಕ್ಕೆ ಹೋಗಬೇಕು. ರೋಗದ ಹೆಸರಿಗೂ ಹೆದರಬೇಡಿ. ‘ಥೈಸಿಸ್’ ಎಂದರೆ ಕ್ಷಯ, ‘ಏಗ್ಯೂ’ ಎಂದರೆ ಚಳಿಜ್ವರ, ಮಲೇರಿಯ.

ಇನ್ನೊಂದು ಮಾತು. ಕಂಕನಾಡಿಯಲ್ಲಿ 1890ರಿಂದಲೇ ಕುಷ್ಠರೋಗಿಗಳ ಆಶ್ರಯವಿತ್ತು. ಮಹಾರೋಗ ಬಂದವರನ್ನು ‘ಊರು ಬಿಟ್ಟರು’ ಎಂದು ಹೇಳಿ ಮುಚ್ಚಿಟ್ಟ ಮನೆಗಳಿವೆ. ಅಜ್ಜಿಯ ಹತ್ತಿರ ಎಲ್ಲರ ಎದುರು ಇದನ್ನು ಕೇಳಬೇಡಿ. ಒಬ್ಬರೇ ಇದ್ದಾಗ, ಮೆಲ್ಲಗೆ ಕೇಳಿ.

ಎಲ್ಲೂ ಸಿಗದಿದ್ದರೆ ಪಾಲುಪಟ್ಟಿ

ಪಾಲುಪಟ್ಟಿ ಎಂದರೆ ಕುಟುಂಬದ ಆಸ್ತಿ ಭಾಗ ಮಾಡಿದ ಪತ್ರ. ನನ್ನ ಕೇಳಿದರೆ ಆಸ್ಪತ್ರೆಗಿಂತ ಮೊದಲೇ ಇದನ್ನು ನೋಡಿ. ಮದ್ರಾಸಿನ 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕುಟುಂಬಗಳು ಕವರು ಕವರಾಗಿ (ಕವಲು ಕವಲಾಗಿ) ಪಾಲಾದವು. ಆಸ್ತಿ ಭಾಗ ಮಾಡುವಾಗ ಯಾರನ್ನೂ ಬಿಡುವಂತಿಲ್ಲ. ಎಲ್ಲರಿಗೂ ನಂಬರು, ವಯಸ್ಸು, ಇರುವ ಜಾಗ ಬರೆಯಬೇಕು. ಹತ್ತು ವರ್ಷದಿಂದ ಪತ್ತೆ ಇಲ್ಲದವರ ಬಗ್ಗೆಯೂ ಒಂದು ಸಾಲು ಇರುವುದುಂಟು. ಕೊನೆಯ ಸಲ ಅವರು ಎಲ್ಲಿದ್ದರೆಂದು ಗೊತ್ತಾಗುವುದು ಅದರಿಂದಲೇ. ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ಎರಡನ್ನೂ ಹುಡುಕಿಸಿ. ಗೇಣಿ ಮಾಡುತ್ತಿದ್ದ ಮನೆಯಾದರೆ 1974ರ ಭೂಸುಧಾರಣೆಯ ನಂತರ ಗೇಣಿದಾರರು ಕೊಟ್ಟ ಅರ್ಜಿಯ, ಅಂದರೆ ನಮೂನೆ 7ರ, ಕಡತವನ್ನೂ ಕೇಳಿ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಇಷ್ಟು ಹಳೆಯ ಪಾಲುಪಟ್ಟಿ ಸಿಗುವುದಿಲ್ಲ, ಕಚೇರಿಗೇ ಹೋಗಬೇಕು.

ಸರ್ಕಾರಿ ಕಚೇರಿಯವರು "ಪುಸ್ತಕ ಇಲ್ಲ" ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಬರೆದು ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಕಲು ಕೈಗೆ ಬಂದಾಗ ಮೊಹರು, ಪುಸ್ತಕದ ವರ್ಷ, ಪುಟದ ನಂಬರು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ. ಮನೆಯಲ್ಲಿ ಸಿಕ್ಕಿದ ಹಳೆಯ ಕಾಗದಗಳನ್ನು ಮಾತ್ರ ಖಂಡಿತ ಲ್ಯಾಮಿನೇಟ್ ಮಾಡಿಸಬೇಡಿ. ಆ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ, ಕಾಗದ ಒಳಗೇ ಹಾಳಾಗುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಮಳೆಗಾಲದಲ್ಲಿ ತೇವ ತಾಗದ ಕಪಾಟಿನಲ್ಲಿಡಿ.