ಇಳಕಲ್ ಸೀರೆಯ ಬಣ್ಣಗಳಲ್ಲಿ ಕ್ರೋಶಾ ದಿಂಬಿನ ಕವರು

ಬಣ್ಣಬಣ್ಣದ ಕ್ರೋಶಾ ಕೆಡುವುದು ಹೆಚ್ಚಾಗಿ ಕೈಚಳಕ ಸಾಲದ್ದಕ್ಕಲ್ಲ, ಯಾವ ಬಣ್ಣ ಯಾವ ಸುತ್ತಿನಲ್ಲಿ ಬರಬೇಕೆಂದು ಮೊದಲೇ ನಿರ್ಧರಿಸದೆ ಕೂತದ್ದಕ್ಕೆ. ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಹೆಣೆಯುವ ಗ್ರ್ಯಾನಿ ಸ್ಕ್ವೇರ್ ಎಂಬ ಚೌಕ ಕಲಿಯಲು ಒಂದು ಮಧ್ಯಾಹ್ನ ಸಾಕು. ಅಂಥ ಹದಿನಾರು ಚೌಕ ಒಟ್ಟಿಗೆ ಕೂತಾಗ ಕಣ್ಣಿಗೆ ಹಿತವಾಗಿರಬೇಕಾದರೆ ಸ್ವಲ್ಪ ಲೆಕ್ಕ ಬೇಕು. 16 ಇಂಚಿನ ದಿಂಬಿಗೆ ನಾನು ಹೆಣೆದ ಕವರಿನ ಲೆಕ್ಕ ಇದು.

ಬಣ್ಣ ಆರಿಸಲು ಇಳಕಲ್ ಸೀರೆಯನ್ನು ಎದುರಿಗಿಟ್ಟುಕೊಂಡೆ. ಅದರಲ್ಲಿ ಚಂದ್ರಕಾಳಿ ಎಂಬ ಬಗೆಯ ಸೀರೆಯ ಒಡಲು ಕಪ್ಪಿಗೆ ಹತ್ತಿರ, ಟೋಪ್ ತೆನಿ ಎಂಬ ವಿನ್ಯಾಸದ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿ. ಅಲ್ಲಿ ಎಲ್ಲ ಬಣ್ಣಕ್ಕೂ ಸಮ ಪಾಲಿಲ್ಲ. ಗಾಢ ಬಣ್ಣ ಹೆಚ್ಚು, ಕೆಂಪು ಅದಕ್ಕಿಂತ ಕಡಿಮೆ, ಬಿಳಿ ಗೆರೆಯಷ್ಟೇ. ಆ ಅಳತೆಯೇ ನನಗೆ ಬೇಕಿತ್ತು. ಹಾಗಾಗಿ ಐದು ಬಣ್ಣ ತೆಗೆದುಕೊಂಡೆ: ಕಡುನೀಲಿ, ದಾಳಿಂಬೆ ಕೆಂಪು, ಗಿಳಿಹಸಿರು, ಅರಿಶಿನ ಹಳದಿ, ಬಿಳಿ. ಕಡುನೀಲಿಯನ್ನು ಹಗಲು ಬೆಳಕಿನಲ್ಲೇ ಆರಿಸಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ಅದೂ ಕಪ್ಪೂ ಒಂದೇ ಥರ ಕಾಣುತ್ತವೆ.

ದಾರ 4 ಪ್ಲೈ ನಿಟ್ಟಿಂಗ್ ಕಾಟನ್, ಕ್ರೋಶಾ ಕಡ್ಡಿ 3 ಮಿ.ಮೀ. ಅಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣವನ್ನೂ ಬಿಡುವುದಿಲ್ಲ, ಕಲಿಯುವವರ ಕೈಗೆ ಚೆನ್ನಾಗಿಯೂ ಕೂರುತ್ತದೆ. ಆದರೆ ಉಜ್ಜಾಡಿದ ಕಡೆ ಗುಂಡುಗುಂಡಾಗಿ ಏಳುತ್ತದೆ, ಬೇಸಿಗೆಯಲ್ಲಿ ಕೆನ್ನೆಗೆ ಸೆಕೆ. ತಲೆ ಒರಗಿಸುವ ದಿಂಬಿಗೆ ಹತ್ತಿಯೇ ಒಳ್ಳೆಯದು. ಕಡ್ಡಿಯ ಮೂತಿ ತೀರ ಚೂಪಾಗಿದ್ದರೆ ಹತ್ತಿಯ ಎಳೆಗಳ ನಡುವೆ ತೂರಿ ದಾರ ಸೀಳುತ್ತದೆ, ದುಂಡು ಮೂತಿಯದನ್ನು ಆರಿಸಿ.

ಮನೆಯಲ್ಲಿ ಉಳಿದ ಉಂಡೆಗಳನ್ನು ಬಳಸುವವರು ಮೊದಲು ದಪ್ಪ ನೋಡಿಕೊಳ್ಳಬೇಕು. ಲೇಬಲ್ ಮೇಲೆ 4 ಪ್ಲೈ ಎಂದಿದ್ದರೂ ಒಂದು ಕಂಪನಿಯದು ಇನ್ನೊಂದರಷ್ಟೇ ದಪ್ಪ ಇರಬೇಕೆಂದೇನಿಲ್ಲ. ಅಡಿಪಟ್ಟಿಯ ಮೇಲೆ ದಾರವನ್ನು ಎಳೆಯದೆ, ಒಂದರ ಪಕ್ಕ ಒಂದು ಬರುವಂತೆ ಸುತ್ತಿ ಒಂದು ಇಂಚಿನಲ್ಲಿ ಎಷ್ಟು ಎಳೆ ಹಿಡಿಯುತ್ತವೆ ಎಂದು ಎಣಿಸಿ. ನನ್ನ ದಾರಗಳಿಗೆ 15ರ ಆಸುಪಾಸು ಬಂತು. ಒಂದು ಉಂಡೆ 12 ತೋರಿಸಿದರೆ ಅದನ್ನು ಬೇರೆ ಕೆಲಸಕ್ಕೆ ಎತ್ತಿಡಿ. ಆ ಬಣ್ಣ ಬಂದ ಚೌಕಗಳೆಲ್ಲ ಉಳಿದವಕ್ಕಿಂತ ಅರ್ಧ ಸೆಂ.ಮೀ. ದೊಡ್ಡದಾಗಿ, ಜೋಡಿಸುವಾಗ ಅಂಚು ಮುದುರಿಕೊಳ್ಳುತ್ತದೆ.

ಕೆಂಪು, ಕಡುನೀಲಿ ಎರಡೂ ಬಿಳಿಯ ಜೊತೆ ಸೇರುವ ಕೆಲಸದಲ್ಲಿ ಬಣ್ಣ ಬಿಡುವ ಪರೀಕ್ಷೆಯನ್ನು ಖಂಡಿತ ಬಿಡಬೇಡಿ. ಒಂದು ಗೇಣು ದಾರವನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಒದ್ದೆ ಬಿಳಿ ಬಟ್ಟೆಯೊಳಗೆ ಮಡಚಿ, ಮೇಲೊಂದು ತೂಕ ಇಟ್ಟು ಅರ್ಧ ಗಂಟೆ ಬಿಡಿ. ಬಟ್ಟೆಗೆ ಗೆರೆ ಮೂಡಿದರೆ ಆ ದಾರ ಹೆಣೆಯಲು ಇನ್ನೂ ಸಿದ್ಧವಿಲ್ಲ. ಉಂಡೆಯನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರು ತಿಳಿಯಾಗುವ ತನಕ ಜಾಲಾಡಿ ಒಣಗಿಸಬೇಕು. ನನ್ನ ಕೆಂಪಿಗೆ ನಾಲ್ಕು ನೀರು ಬೇಕಾಯಿತು. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರು ಬಹಳ. ಅಂಗಡಿಯಿಂದ ತಂದ ಹತ್ತಿ ದಾರದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಹೊರಬರುವುದು ಎಳೆಗೆ ಹಿಡಿಯದೆ ಉಳಿದ ಹೆಚ್ಚುವರಿ ಬಣ್ಣ, ಅದನ್ನು ತೊಳೆದೇ ತೆಗೆಯಬೇಕು.

ಇನ್ನು ಬಣ್ಣದ ಕ್ರಮ. ಪ್ರತಿ ಚೌಕಕ್ಕೆ ಐದು ಸುತ್ತು. ಐದನೆಯದು ಎಲ್ಲದರಲ್ಲೂ ಕಡುನೀಲಿ, ಹದಿನಾರನ್ನೂ ಒಂದಾಗಿ ಹಿಡಿದಿಡುವುದು ಅದೇ. ಒಳಗಿನ ನಾಲ್ಕರಲ್ಲಿ ತಿಳಿ ಬಣ್ಣ ಒಂದನೇ, ಮೂರನೇ ಸುತ್ತಿಗೆ. ಗಾಢ ಬಣ್ಣ ಎರಡನೇ, ನಾಲ್ಕನೇ ಸುತ್ತಿಗೆ. ಹಳದಿಯನ್ನು ನಾಲ್ಕನೇ ಸುತ್ತಿಗೆ ತಂದರೆ ಇಡೀ ದಿಂಬಿನಲ್ಲಿ ಆ ಚೌಕವೊಂದೇ ಕಣ್ಣಿಗೆ ಹೊಡೆಯುತ್ತದೆ. ಈ ಕಟ್ಟಿನಲ್ಲಿ ನಾಲ್ಕು ಬಗೆಯ ಚೌಕ ಹುಟ್ಟುತ್ತವೆ. ಒಳಗಿನಿಂದ ಹೊರಕ್ಕೆ ಹೇಳುವುದಾದರೆ, ಮೊದಲ ಬಗೆ ಹಳದಿ, ಹಸಿರು, ಬಿಳಿ, ಕೆಂಪು. ಎರಡನೆಯದು ಹಳದಿ, ಕೆಂಪು, ಬಿಳಿ, ಹಸಿರು. ಮೂರನೆಯದು ಬಿಳಿ, ಹಸಿರು, ಹಳದಿ, ಕೆಂಪು. ನಾಲ್ಕನೆಯದು ಬಿಳಿ, ಕೆಂಪು, ಹಳದಿ, ಹಸಿರು. ಪ್ರತಿ ಬಗೆಯಲ್ಲಿ ನಾಲ್ಕು ಚೌಕ.

ಬಣ್ಣಗಳು ಸಾಕಷ್ಟು ಬೇರೆಬೇರೆ ಕಾಣುತ್ತವೆಯೇ ಎಂದು ತಿಳಿಯಲು ಉಂಡೆಗಳನ್ನು ಸಾಲಾಗಿಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡು ಉಂಡೆ ಒಂದೇ ಬೂದಿ ಬಣ್ಣಕ್ಕೆ ಬಂದರೆ ಅವು ಅಕ್ಕಪಕ್ಕದ ಸುತ್ತಿನಲ್ಲಿ ಬರಬಾರದು. ಟೊಮೇಟೊ ಕೆಂಪು ಮತ್ತು ಎಲೆಹಸಿರಿನ ಜೋಡಿ ಹೀಗೇ ಮೋಸ ಮಾಡುತ್ತದೆ. ಉಂಡೆಯಲ್ಲಿ ಒಂದಕ್ಕೊಂದು ವಿರುದ್ಧ, ಹೆಣೆದ ಮೇಲೆ ಎರಡರ ಗಡಿಯೇ ಕಾಣದು.

ದಾರ ಎಷ್ಟು ಬೇಕು? ಗ್ರ್ಯಾನಿ ಸ್ಕ್ವೇರಿನ ಸುತ್ತುಗಳು ಒಂದೇ ಹೆಜ್ಜೆಯಲ್ಲಿ ಬೆಳೆಯುತ್ತವೆ: ಮೊದಲ ಸುತ್ತಿಗೆ 12 ಕಂಬ (ಎತ್ತರದ ಹೊಲಿಗೆ, ವಿವರ ಮುಂದಿದೆ), ಆಮೇಲೆ 24, 36, 48, 60. ಶುರುವಿಗೂ ಕೊನೆಗೂ ಉಳಿಯುವ ದಾರದ ತುದಿಗಳು, ಅಂದರೆ ಬಾಲಗಳೂ ಸೇರಿ ನನ್ನ ಕೈಯಲ್ಲಿ ಸುತ್ತಿಗೆ ಸುಮಾರು 1 ಮೀಟರು, 1.6, 2.3, 2.9, 3.6 ಮೀಟರು ಹಿಡಿಯಿತು. ಅಂದರೆ ಚೌಕದ ಮೂರನೇ ಒಂದು ಪಾಲು ದಾರ ಕೊನೆಯ ಸುತ್ತಿಗೇ ಹೋಗುತ್ತದೆ. ಒಟ್ಟಾರೆ ಬಿಳಿ, ಹಳದಿ ತಲಾ 12 ಗ್ರಾಂ, ಕೆಂಪು, ಹಸಿರು ತಲಾ 16 ಗ್ರಾಂ, ಅಂಚೂ ಸೇರಿ ಕಡುನೀಲಿ 35 ಗ್ರಾಂ. ಹಾಗಾಗಿ ಒಳಗಿನ ನಾಲ್ಕಕ್ಕೂ ಉಳಿಕೆ ಉಂಡೆ ಸಾಕು, ಕಡುನೀಲಿಯನ್ನು ಮಾತ್ರ ಹೊಸದಾಗಿ ತರಬೇಕು. ಬಿಗಿ ಕೈ, ಸಡಿಲ ಕೈ ಎಂದು ಲೆಕ್ಕ ಬದಲಾಗುತ್ತದೆ. ಒಂದು ಚೌಕ ಮುಗಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿ, ನನ್ನದು 5 ಗ್ರಾಮಿಗೆ ಸ್ವಲ್ಪ ಕಡಿಮೆ ಇತ್ತು. ಎರಡು ಉಂಡೆ ಬೇಕಾಗುವ ಬಣ್ಣವಾದರೆ ಲೇಬಲ್ ಮೇಲಿನ ಲಾಟ್ ನಂಬರು (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಎರಡರಲ್ಲೂ ಒಂದೇ ಇರಲಿ.

ಹೆಸರುಗಳ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ನಾನು ಕಂಬ ಎನ್ನುತ್ತಿರುವುದು ಅಮೆರಿಕದ ಲೆಕ್ಕದ ಡಬಲ್ ಕ್ರೋಶೆ: ಕಡ್ಡಿಗೆ ಒಮ್ಮೆ ದಾರ ಹಾಕಿ, ಕಣ್ಣಿಯೊಳಗೆ ತೂರಿಸಿ ಎಳೆದು, ಎರಡೆರಡೇ ಕುಣಿಕೆಯಂತೆ ಎರಡು ಸಲ ಬಿಡಿಸುವುದು. ಬ್ರಿಟಿಷ್ ಲೆಕ್ಕದ ಪುಸ್ತಕಗಳಲ್ಲಿ ಇದೇ ಹೊಲಿಗೆಗೆ ಟ್ರೆಬಲ್ ಎಂದು ಹೆಸರು, ಅಲ್ಲಿ ಡಬಲ್ ಎಂದರೆ ಅಮೆರಿಕದವರ ಸಿಂಗಲ್. ಅಮೆರಿಕದ ವಿಡಿಯೋದಲ್ಲಿ ಹೇಳಿದ ಡಬಲ್ ಅನ್ನು ಬ್ರಿಟಿಷ್ ಲೆಕ್ಕದ ಪುಸ್ತಕ ನೋಡಿ ಹೆಣೆದು, ಚೌಕ ಅಲ್ಲಿ ತೋರಿಸಿದ್ದಕ್ಕಿಂತ ಗಿಡ್ಡವಾಗಿ ಗಟ್ಟಿಯಾಗಿ ಬಂದರೆ ಕಾರಣ ಇದೇ ಇರಬಹುದು.

ಶುರುವಿಗೆ ನಾಲ್ಕು ಸರಪಳಿ (ಚೈನ್: ಕಡ್ಡಿಯ ಕುಣಿಕೆಯೊಳಗಿಂದ ದಾರ ಎಳೆದದ್ದು ಒಂದು ಸರಪಳಿ) ಹಾಕಿ ಜಾರುಹೊಲಿಗೆಯಿಂದ (ಸ್ಲಿಪ್ ಸ್ಟಿಚ್: ಕಣ್ಣಿಯಿಂದ ಎಳೆದ ದಾರವನ್ನು ಕಡ್ಡಿಯ ಕುಣಿಕೆಯೊಳಗಿಂದಲೂ ಎಳೆಯುವುದು) ಉಂಗುರ ಮಾಡಿ. ಮ್ಯಾಜಿಕ್ ರಿಂಗ್, ಅಂದರೆ ಬಾಲ ಎಳೆದು ಬಿಗಿಸುವ ದಾರದ ಉಂಗುರ, ನಡು ತೂತನ್ನು ಪೂರ್ತಿ ಮುಚ್ಚುತ್ತದೆ ನಿಜ, ಆದರೆ ಹೊಳಪಿನ ಹತ್ತಿದಾರ ನುಣುಪು. ಬಾಲವನ್ನು ಎರಡು ಸುತ್ತು ಹೊಲಿದು ಭದ್ರ ಮಾಡದಿದ್ದರೆ ನಾಲ್ಕಾರು ಒಗೆತಕ್ಕೆ ನಡು ಬಿಚ್ಚಿಕೊಳ್ಳುತ್ತದೆ. ದಿಂಬಿಗೆ ಸರಪಳಿಯ ಉಂಗುರವೇ ನಂಬಿಕೆಯದು.

ಮೂರು ಸರಪಳಿ ಮೊದಲ ಕಂಬದ ಲೆಕ್ಕ. ಉಂಗುರದೊಳಗೆ ಇನ್ನೆರಡು ಕಂಬ, ಎರಡು ಸರಪಳಿ, ಆಮೇಲೆ ಮೂರು ಕಂಬ ಎರಡು ಸರಪಳಿ ಎಂದು ಮೂರು ಸಲ. ಜಾರುಹೊಲಿಗೆಯಿಂದ ಮುಚ್ಚಿ ದಾರ ಕತ್ತರಿಸಿ. ಹೊಸ ಬಣ್ಣವನ್ನು ಮೂಲೆಯ ತೂತಿನಲ್ಲೇ ಶುರುಮಾಡಬೇಕು, ಪ್ರತಿ ಸಲ ಬೇರೆ ಮೂಲೆಯಲ್ಲಿ. ಒಂದೇ ಮೂಲೆಯಲ್ಲಿ ಶುರುಮಾಡುತ್ತ ಹೋದರೆ ಹತ್ತೂ ಬಾಲ ಅಲ್ಲೇ ಸೇರಿ ಆ ಮೂಲೆ ಉಬ್ಬುತ್ತದೆ. ಎರಡನೇ ಸುತ್ತಿನಿಂದ ಪ್ರತಿ ಮೂಲೆಗೆ ಮೂರು ಕಂಬ, ಎರಡು ಸರಪಳಿ, ಮೂರು ಕಂಬ. ಬದಿಯ ಪ್ರತಿ ಸಂದಿಗೆ ಮೂರು ಕಂಬ. ಗುಂಪಿನಿಂದ ಗುಂಪಿಗೆ ಒಂದು ಸರಪಳಿ. ಎಷ್ಟನೇ ಸುತ್ತೋ ಪ್ರತಿ ಬದಿಯಲ್ಲಿ ಅಷ್ಟೇ ಗುಂಪು ಇರಬೇಕು, ಐದನೇ ಸುತ್ತಿನಲ್ಲಿ ಐದು. ಎಣಿಕೆ ತಪ್ಪಿದೆಯೇ ಎಂದು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಸುತ್ತಿನ ಶುರುವಿನ ಮೂರು ಸರಪಳಿಯ ಪಕ್ಕ ಉದ್ದನೆಯ ಸಂದಿ ಬಿಟ್ಟು ಆ ಕಡೆ ಜಾಳಾಗಿ ಕಂಡರೆ ಎರಡೇ ಸರಪಳಿ ಹಾಕಿ, ಹಲವರ ಕೈಗೆ ಅದೇ ಸರಿಹೋಗುತ್ತದೆ. ಚೌಕ ಬಟ್ಟಲಿನಂತೆ ಮೇಲೆದ್ದರೆ ಕೈ ಬಿಗಿ ಎಂದರ್ಥ, 3.5 ಮಿ.ಮೀ. ಕಡ್ಡಿಗೆ ಹೋಗಿ. ಅಂಚು ಅಲೆಅಲೆಯಾದರೆ ಗುಂಪುಗಳ ನಡುವಿನ ಸರಪಳಿ ಸಡಿಲ, ಅದನ್ನು ಬಿಟ್ಟೇಬಿಡಬಹುದು. ಒಂದೇ ಮುಖದಲ್ಲಿ ಹೆಣೆಯುವುದರಿಂದ ಚೌಕ ಸ್ವಲ್ಪ ವಾಲುತ್ತದೆ. ಐದು ಸುತ್ತಿಗೆ ಅದು ಲೆಕ್ಕಕ್ಕಿಲ್ಲ, ಪಿನ್ನು ಚುಚ್ಚುವಾಗ ಸರಿಹೋಗುತ್ತದೆ. ಒಂದೇ ಚೌಕವನ್ನು ಬೆಳೆಸುತ್ತ ಹೊದಿಕೆಯನ್ನೇ ಮಾಡುವವರು ಮಾತ್ರ ಪ್ರತಿ ಸುತ್ತಿಗೂ ಕೆಲಸವನ್ನು ಮಗುಚಿ ಹೆಣೆಯಬೇಕು.

ಬಾಲಗಳ ವಿಷಯ ಬೇಸರದ್ದು, ಆದರೆ ಕವರು ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಇದರ ಮೇಲೇ ನಿಂತಿದೆ. ಒಂದು ಚೌಕಕ್ಕೆ ಹತ್ತು ಬಾಲ, ಹದಿನಾರಕ್ಕೆ ನೂರ ಅರವತ್ತು. ಎಲ್ಲ ಮುಗಿದ ಮೇಲೆ ಕೂತು ಹೊಲಿಯೋಣ ಎಂದುಕೊಂಡ ಕೆಲಸವೇ ಅರ್ಧಕ್ಕೆ ನಿಂತು ಚೀಲ ಸೇರುವುದು. ಪ್ರತಿ ಚೌಕದ ಬಾಲವನ್ನು ಆ ಚೌಕ ಮುಗಿದೊಡನೆ ಅಡಗಿಸಿ. 12 ಸೆಂ.ಮೀ.ಗಿಂತ ಗಿಡ್ಡ ಕತ್ತರಿಸಬೇಡಿ. ಮೊಂಡು ಮೂತಿಯ ದಪ್ಪ ಸೂಜಿಯಿಂದ, ಅದೇ ಬಣ್ಣದ ಕಂಬಗಳ ಹಿಂಬದಿಯಲ್ಲೇ, ಒಮ್ಮೆ ಬಲಕ್ಕೆ, ಒಂದು ಎಳೆ ದಾಟಿ ಎಡಕ್ಕೆ, ಮತ್ತೆ ಬಲಕ್ಕೆ, ಪ್ರತಿ ಸಲ 3 ಸೆಂ.ಮೀ. ಹೀಗೆ ದಿಕ್ಕು ಎರಡು ಸಲ ಬದಲಾದರೆ ಬಾಲ ಜಾರುವುದಿಲ್ಲ. ಕೆಂಪು ಬಾಲ ಬಿಳಿ ಸುತ್ತಿನೊಳಗೆ ಹಾದರೆ ಮುಂದಿನಿಂದ ನೆರಳಿನಂತೆ ಕಾಣುತ್ತದೆ. ಗಂಟು ಹಾಕಿ ಕತ್ತರಿಸುವುದಂತೂ ಬೇಡ, ಗಂಟು ಮುಂಭಾಗಕ್ಕೆ ತೂರಿ ಬರುತ್ತದೆ, ಹತ್ತಿಯಲ್ಲಿ ಬಿಚ್ಚಿಯೂ ಹೋಗುತ್ತದೆ.

ನಾಲ್ಕು ಸುತ್ತು ಮುಗಿದ ಹದಿನಾರೂ ಚೌಕಗಳನ್ನು ನೆಲದ ಮೇಲೆ ಹರಡಿ ಜಾಗ ಗೊತ್ತುಮಾಡಿ. ಬಗೆಗಳಿಗೆ 1, 2, 3, 4 ಎಂದು ಕರೆದರೆ ನನ್ನ ಸಾಲುಗಳು ಹೀಗಿದ್ದವು: ಮೇಲಿನದು 1, 2, 3, 4; ಅದರ ಕೆಳಗೆ 3, 4, 1, 2; ಆಮೇಲೆ 4, 3, 2, 1; ಕೊನೆಗೆ 2, 1, 4, 3. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ನೋಡಿದರೂ ಒಂದು ಬಗೆ ಒಂದೇ ಸಲ ಬರುತ್ತದೆ. ನೋಡುವವರಿಗೆ ಕ್ರಮ ಗೊತ್ತಾಗುವುದಿಲ್ಲ, ಒಂದು ಬಣ್ಣ ಒಂದೆಡೆ ಗುಂಪುಗಟ್ಟಿದ್ದೂ ಕಾಣುವುದಿಲ್ಲ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜೋಡಿಸುವಾಗ ಎರಡು ಚೌಕ ಅದಲುಬದಲಾಗುವುದು ತೀರ ಸಾಮಾನ್ಯ.

ಐದನೇ ಸುತ್ತನ್ನು ಹೆಣೆಯುತ್ತಲೇ ಜೋಡಿಸಿದೆ. ಮೊದಲ ಚೌಕವನ್ನು ಪೂರ್ತಿ ಮುಗಿಸಿ. ಎರಡನೆಯದರಲ್ಲಿ, ಅಂಟಬೇಕಾದ ಬದಿಗೆ ಬಂದಾಗ ಗುಂಪುಗಳ ನಡುವಿನ ಸರಪಳಿಗೆ ಬದಲು ಪಕ್ಕದ ಚೌಕದ ಸಂದಿಗೆ ಒಂದು ಜಾರುಹೊಲಿಗೆ. ಮೂಲೆಯಲ್ಲಿ ಒಂದು ಸರಪಳಿ, ಪಕ್ಕದ ಮೂಲೆಗೆ ಜಾರುಹೊಲಿಗೆ, ಮತ್ತೆ ಮೂರು ಕಂಬ. ನಾಲ್ಕು ಚೌಕ ಕೂಡುವ ಜಾಗದಲ್ಲಿ ತೂತು ಉಳಿಯಬಾರದು ಎಂದಿದ್ದರೆ ಮೂರನೇ, ನಾಲ್ಕನೇ ಚೌಕದ ಜಾರುಹೊಲಿಗೆಯೂ ಮೊದಲ ಎರಡು ಸೇರಿದ ಅದೇ ಹೊಲಿಗೆಯೊಳಗೇ ಹೋಗಬೇಕು. ಪಕ್ಕದ ಖಾಲಿ ಸಂದಿಗೆ ಹಾಕಿದರೆ ಕಡಲೆಕಾಳು ತೂರುವಷ್ಟು ತೂತು ಉಳಿಯುತ್ತದೆ.

ಕೊನೆಗೆ ಸುತ್ತಲೂ ಕಡುನೀಲಿಯಲ್ಲಿ ಎರಡು ಸಾಲು ಅಮೆರಿಕದ ಲೆಕ್ಕದ ಸಿಂಗಲ್ ಕ್ರೋಶೆ (ಕಣ್ಣಿಯಿಂದ ದಾರ ಎಳೆದು ಎರಡೂ ಕುಣಿಕೆಯನ್ನು ಒಂದೇ ಸಲ ಬಿಡಿಸುವುದು), ನಾಲ್ಕು ಮೂಲೆಗಳಲ್ಲಿ ಮಾತ್ರ ಒಂದೇ ಕಣ್ಣಿಗೆ ಮೂರು. ದಪ್ಪ ಫೋಮ್ ಹಲಗೆಯ ಮೇಲೆ ಬಿಳಿ ಟವೆಲ್ ಹಾಸಿ, ತುಕ್ಕು ಹಿಡಿಯದ ಪಿನ್ನುಗಳಿಂದ 39 ಸೆಂ.ಮೀ. ಚೌಕಕ್ಕೆ ಎಳೆದು ಕೂರಿಸಿ, ನೀರು ಚಿಮುಕಿಸಿ, ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಅಕ್ರಿಲಿಕ್‌ನಲ್ಲಿ ಮಾಡಿದವರು ಇಸ್ತ್ರಿಪೆಟ್ಟಿಗೆ ತಾಗಿಸಲೇಬಾರದು. ಬಿಸಿಗೆ ಎಳೆ ಕರಗಿ ಚಪ್ಪಟೆಯಾದರೆ ಮತ್ತೆ ಮೊದಲಿನಂತಾಗುವುದಿಲ್ಲ.

ದಿಂಬಿನ ಅಳತೆಗಿಂತ ಕವರು ಒಂದು-ಒಂದೂವರೆ ಸೆಂ.ಮೀ. ಚಿಕ್ಕದಿದ್ದರೇ ಬಿಗಿಯಾಗಿ ಕೂರುವುದು. ಒಳಗೊಂದು ಬಟ್ಟೆಯ ಚೀಲ ಬೇಕು, ಇಲ್ಲದಿದ್ದರೆ ಸಂದಿಗಳಲ್ಲಿ ದಿಂಬು ಇಣುಕುತ್ತದೆ. ಒಮ್ಮೆ ಒಗೆದು ಕುಗ್ಗಿಸಿದ ಕಡುನೀಲಿ ಹತ್ತಿ ಬಟ್ಟೆಯಲ್ಲಿ ಮುಂಭಾಗಕ್ಕೆ 41 ಸೆಂ.ಮೀ. ಚೌಕ, ಹಿಂಭಾಗಕ್ಕೆ 41ಕ್ಕೆ 28ರ ಎರಡು ತುಂಡು. ತುಂಡುಗಳ ಒಂದೊಂದು ಅಂಚನ್ನು 2 ಸೆಂ.ಮೀ. ಮಡಚಿ ಹೊಲಿದು, ಒಂದರ ಮೇಲೊಂದು ಬರುವಂತೆ ಇಟ್ಟು, ಸುತ್ತ 1 ಸೆಂ.ಮೀ. ಬಿಟ್ಟು ಹೊಲಿದರೆ ಜಿಪ್ಪು ಗುಂಡಿಯ ಗೊಡವೆಯಿಲ್ಲದೆ ಹಿಂದಿನಿಂದ ದಿಂಬು ತೂರಿಸಬಹುದು. ಒಳಬಟ್ಟೆ ಬಿಳಿಯಾದರೆ ಪ್ರತಿ ಸಂದಿಯೂ ಚುಕ್ಕಿಯಂತೆ ಹೊಳೆದು ಹೆಣಿಗೆಯ ಬಣ್ಣ ಮಂಕಾಗುತ್ತದೆ. ಹಿಂಬದಿಗೆ ಗುಳೇದಗುಡ್ಡದ ಖಣ ಹಾಕಿದರೆ ಬಹಳ ಚೆಂದ, ಆದರೆ ಹೆಣಿಗೆಯ ಕೆಳಗೆ ಅದು ಬೇಡ, ಎರಡು ವಿನ್ಯಾಸ ಒಂದರ ಮೇಲೊಂದು ಬಿದ್ದು ಯಾವುದೂ ಕಾಣುವುದಿಲ್ಲ.

ಹೆಣಿಗೆಯನ್ನು ಚೀಲಕ್ಕೆ ಕೈಹೊಲಿಗೆಯಲ್ಲಿ, ಅಂಚಿನ ಪ್ರತಿ ಎರಡನೇ ಕಣ್ಣಿ ಹಿಡಿದು ಕೂರಿಸಿ. ಒಗೆಯುವುದು ತಣ್ಣೀರಿನಲ್ಲಿ, ಬೇರೆಯಾಗಿ. ಹಿಂಡಬೇಡಿ, ಟವೆಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆದು ನೆರಳಿನಲ್ಲಿ ಮಲಗಿಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಚೌಕಗಳು ಉದ್ದಕ್ಕೆ ಜಗ್ಗುತ್ತವೆ. ಉಳಿದ ದಾರದಲ್ಲಿ ಒಂದು ಮೀಟರಿಗಿಂತ ಉದ್ದದ ತುಂಡುಗಳನ್ನು ಎತ್ತಿಡಿ, ಮುಂದಿನ ಕವರಿನ ಮೊದಲ ಸುತ್ತುಗಳಿಗೆ ಅಷ್ಟು ಸಾಕಾಗುತ್ತದೆ.