ಕೋವರ್ಕಿಂಗ್ ಜಾಗಕ್ಕೆ ಹೋಗುವ ಮೊದಲು ಫೋನ್ ಕರೆಗಳನ್ನು ಎಣಿಸಿ

ಹತ್ತು-ಹನ್ನೆರಡು ಜನರ ಕಂಪನಿಗೆ ಸ್ವಂತ ಆಫೀಸ್ ಎಂದರೆ ಬರೀ ಬಾಡಿಗೆಯ ಮಾತಲ್ಲ. ಕರೆಂಟ್ ಬಿಲ್, ಇಂಟರ್ನೆಟ್, ಸ್ವಚ್ಛತೆ, ಕೈಕೊಟ್ಟ ಪ್ರಿಂಟರ್ ಎಲ್ಲವೂ ಯಾರೋ ಒಬ್ಬರ ತಲೆಗೆ ಬೀಳುತ್ತವೆ. ಆ ಒಬ್ಬರು ಹೆಚ್ಚಾಗಿ ಮಾಲೀಕರೇ. ಕೋವರ್ಕಿಂಗ್ ಜಾಗಕ್ಕೆ, ಅಂದರೆ ಹಲವು ಕಂಪನಿಗಳು ಹಣ ಕೊಟ್ಟು ಸೀಟು ಪಡೆದು ಹಂಚಿಕೊಳ್ಳುವ ಆಫೀಸಿಗೆ, ಹೋದರೆ ಈ ತಾಪತ್ರಯ ತಪ್ಪುತ್ತದೆ, ನಿಜ. ಆದರೆ ಜಾಗ ನೋಡಲು ಹೋದವರ ಕಣ್ಣು ಕುರ್ಚಿ, ಕಾಫಿ ಯಂತ್ರ, ಗೋಡೆಯ ಬಣ್ಣದ ಮೇಲೇ ನಿಲ್ಲುತ್ತದೆ. ಕೆಲವು ತಿಂಗಳಾದ ಮೇಲೆ ಗೊಣಗಾಟ ಶುರುವಾಗುವುದು ಬೇರೆ ಕಾರಣಕ್ಕೆ: ಫೋನಿನಲ್ಲಿ ಮಾತಾಡಲು ಎಲ್ಲಿಗೆ ಹೋಗುವುದು?

ಇದಕ್ಕೊಂದು ಹಿನ್ನೆಲೆಯಿದೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಈ ಪದ್ಧತಿಗೆ ಚಾಲನೆ ಕೊಟ್ಟಾಗ ಕಣ್ಣ ಮುಂದೆ ಇದ್ದದ್ದು ಒಂಟಿಯಾಗಿ ಕೆಲಸ ಮಾಡುವವರು. ತಂಡಗಳು ಬಂದದ್ದು ಆಮೇಲೆ. ದಿನವಿಡೀ ಮಾತಾಡುವ ತಂಡಕ್ಕೆ ಒಂದು ತೆರೆದ ಹಾಲ್ ಸಾಲುವುದಿಲ್ಲ.

ಎರಡು ವಾರ ಲೆಕ್ಕ ಬರೆದಿಡಿ

ಹೊಸ ಜಾಗ ಹುಡುಕುವ ಮೊದಲೇ, ಈಗಿರುವ ಆಫೀಸಿನಲ್ಲಿ ಎರಡು ವಾರ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿದಿನ ಎಷ್ಟು ಜನ ಬಂದರು? ಒಂದೇ ಹೊತ್ತಿಗೆ ಜಾಸ್ತಿ ಎಂದರೆ ಎಷ್ಟು ಕರೆಗಳಿದ್ದವು? ಅದರಲ್ಲಿ ಹೊರಗಿನವರ ಕಿವಿಗೆ ಬೀಳಬಾರದ್ದು ಎಷ್ಟು? ಸಂಬಳ, ಗ್ರಾಹಕರ ದೂರು, ಹಣಕಾಸಿನ ಮಾತು ಈ ಸಾಲಿಗೆ ಸೇರುತ್ತವೆ.

ಸೀಟುಗಳನ್ನು ಸಿಬ್ಬಂದಿ ಪಟ್ಟಿ ನೋಡಿ ತೆಗೆದುಕೊಳ್ಳಬೇಡಿ. ಹನ್ನೆರಡು ಜನರಲ್ಲಿ ದಿನಕ್ಕೆ ಏಳು ಜನ ಬಂದು, ವಾರಕ್ಕೆ ಒಂದೇ ದಿನ ಎಲ್ಲರೂ ಸೇರುತ್ತಾರೆ ಎನ್ನಿ. ಎಂಟು ಸೀಟು ಕಾಯಂ ಆಗಿ ತಗೊಂಡು, ಆ ಒಂದು ದಿನಕ್ಕೆ ಡೇ ಪಾಸ್ ಕೊಂಡರೆ ಸಾಕು.

ಬೂತಿನೊಳಗೆ ಕೂತು ನೋಡಿ

ಈಗ ಜಾಗ ನೋಡಲು ಹೊರಡಿ. ವಾರದ ನಡುವಿನ ದಿನ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಸಂಜೆ ಖಾಲಿ ಹಾಲ್ ತೋರಿಸಿದರೆ ಎಲ್ಲ ಜಾಗವೂ ಶಾಂತವಾಗಿಯೇ ಕಾಣುತ್ತದೆ, ಅಲ್ವಾ?

ಫೋನ್ ಬೂತಿನ, ಅಂದರೆ ಕರೆಗೆಂದೇ ಇರುವ ಪುಟ್ಟ ಮುಚ್ಚಿದ ಕೋಣೆಯ, ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಕೂರಿ. ಸುಮ್ನೆ ಇಣುಕಿ ನೋಡಿ ಬಂದರೆ ಏನೂ ಗೊತ್ತಾಗುವುದಿಲ್ಲ. ಒಳಗಿನ ಫ್ಯಾನ್ ತಿರುಗುತ್ತಿದೆಯಾ? ಹತ್ತು ನಿಮಿಷಕ್ಕೇ ಸೆಕೆ ಏರುತ್ತದೆಯಾ? ಲ್ಯಾಪ್‌ಟಾಪ್ ಇಟ್ಟರೆ ಕ್ಯಾಮೆರಾ ನಿಮ್ಮ ಗದ್ದವನ್ನಷ್ಟೇ ತೋರಿಸುತ್ತದೆಯಾ? ಜೊತೆಗೆ ಬಂದವರನ್ನು ಹೊರಗೆ ನಿಲ್ಲಿಸಿ, ನಿಮ್ಮ ಮಾತು ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಆ ಮಹಡಿಯಲ್ಲಿ ಎಷ್ಟು ಸೀಟಿಗೆ ಎಷ್ಟು ಬೂತ್ ಇವೆ ಎಂದೂ ಕೇಳಿ. ಅರವತ್ತು ಸೀಟಿಗೆ ಎರಡೇ ಬೂತ್ ಇದ್ದು, ನಿಮ್ಮ ಹಾಳೆಯಲ್ಲಿ ಏಕಕಾಲಕ್ಕೆ ನಾಲ್ಕು ಕರೆ ಎಂದಿದ್ದರೆ, ಮುಂದಿನ ಜಾಗಕ್ಕೆ ನಡೆಯಿರಿ.

ಕ್ಯಾಬಿನ್ ತೋರಿಸಿದರೆ ತಲೆ ಎತ್ತಿ ನೋಡಿ. ಗಾಜಿನ ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಇದ್ದು ಮೇಲಿನ ಚಾವಣಿ ಮುಟ್ಟದಿದ್ದರೆ, ಪಕ್ಕದ ಕ್ಯಾಬಿನ್ ಮಾತು ಮೇಲಿನಿಂದ ಹಾದು ಬರುತ್ತದೆ. ಎಸಿಯ ಗುಂಯ್ ಸದ್ದು ಸ್ವಲ್ಪ ಹೊತ್ತಿಗೆ ಅಭ್ಯಾಸವಾಗುತ್ತದೆ. ಸ್ಪಷ್ಟವಾಗಿ ಅರ್ಥವಾಗುವ ಮಾತು ಹಾಗಲ್ಲ, ಬೇಡವೆಂದರೂ ಗಮನ ಅತ್ತ ಹೋಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಐದು ಜನ ದಾಟಿದ ತಂಡಕ್ಕೆ ಹಾಟ್ ಡೆಸ್ಕ್, ಅಂದರೆ ಖಾಲಿ ಇದ್ದಲ್ಲಿ ಕೂರುವ ಕಾಯಂ ಅಲ್ಲದ ಸೀಟು, ಬೇಡ. ಬೆಳಗ್ಗೆ ಬಂದು ಸೀಟು ಹುಡುಕುವುದರಲ್ಲೇ ಒಬ್ಬೊಬ್ಬರು ಒಂದೊಂದು ಮೂಲೆ ಸೇರುತ್ತಾರೆ. ಬೀಗ ಹಾಕಬಹುದಾದ ಕ್ಯಾಬಿನ್ ಸ್ವಲ್ಪ ದುಬಾರಿಯಾದರೂ ಅದೇ ವಾಸಿ.

ಇಂಟರ್ನೆಟ್

ನೀವು ಕೂರುವ ಸೀಟಿನಿಂದಲೇ ವಿಡಿಯೊ ಕರೆ ಮಾಡಿ. ಒಳ್ಳೆಯ ಗುಣಮಟ್ಟದ ಒಂದು ಕರೆಗೆ ಎರಡೂ ದಿಕ್ಕಿನಲ್ಲಿ ಸುಮಾರು 3ರಿಂದ 4 ಎಂಬಿಪಿಎಸ್ ಬೇಕು. ಜಾಹೀರಾತಿನಲ್ಲಿ ಹೇಳುವುದು ಹೆಚ್ಚಾಗಿ ಡೌನ್‌ಲೋಡ್ ವೇಗ. ಅಪ್‌ಲೋಡ್ ಎಷ್ಟಿದೆ ನೋಡಿ. ಒಂದು ಲೈನ್ ಹೋದರೆ ಇನ್ನೊಂದು ಕಂಪನಿಯ ಲೈನ್ ಇದೆಯೇ ಎಂದೂ ಕೇಳಿ.

ಹಂಚಿಕೊಂಡ ವೈಫೈನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಹಾಕಿರುವುದುಂಟು. ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ ನಿಮ್ಮ ಪ್ರಿಂಟರ್ ನಿಮಗೇ ಸಿಗುವುದಿಲ್ಲ. ಪ್ರತ್ಯೇಕ ನೆಟ್‌ವರ್ಕ್ ಅಥವಾ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಬೇಕಿದ್ದರೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ಕರಾರು ಓದುವಾಗ

ಇದು ಹೆಚ್ಚಾಗಿ ಬಾಡಿಗೆ ಕರಾರು ಆಗಿರುವುದಿಲ್ಲ, ಜಾಗ ಬಳಸಲು ಕೊಡುವ ಅನುಮತಿ ಆಗಿರುತ್ತದೆ. ಹಾಗಾಗಿ ಬಾಡಿಗೆದಾರರಿಗೆ ಸಿಗುವ ರಕ್ಷಣೆ ಅನೇಕ ಕಡೆ ನಿಮಗೆ ಸಿಗದು. ನಿಮ್ಮನ್ನು ಬೇರೆ ಕ್ಯಾಬಿನ್‌ಗೆ ಎಬ್ಬಿಸುವ ಹಕ್ಕು ಅವರಿಗಿದೆಯೇ ಎಂದು ಹುಡುಕಿ. ಲಾಕ್-ಇನ್ ಅವಧಿ (ಮಧ್ಯೆ ಬಿಟ್ಟು ಹೋಗಲಾಗದ ಅವಧಿ), ನೋಟಿಸ್, ಡಿಪಾಸಿಟ್ ವಾಪಸ್ ಬರುವ ದಿನ ಇವನ್ನು ಎಲ್ಲರೂ ನೋಡುತ್ತಾರೆ. ಕಣ್ಣು ತಪ್ಪುವುದು ಚಿಕ್ಕಪುಟ್ಟವು: ಮೀಟಿಂಗ್ ರೂಮಿನ ಬಳಸದ ಗಂಟೆಗಳು ಮುಂದಿನ ತಿಂಗಳಿಗೆ ಸೇರುತ್ತವೆಯೇ, ರಾತ್ರಿ ಎಸಿ ಇರುತ್ತದೆಯೇ, ಆ ವಿಳಾಸದಲ್ಲಿ ಕಂಪನಿ ನೋಂದಣಿಗೆ ಒಪ್ಪುತ್ತಾರೆಯೇ, ಬಿಟ್ಟು ಹೋದ ಮೇಲೆ ಬಂದ ಪತ್ರಗಳ ಗತಿಯೇನು. ಅವರ ವಿಮೆ ನಿಮ್ಮ ಲ್ಯಾಪ್‌ಟಾಪ್‌ಗಳಿಗೆ ಅನ್ವಯಿಸುತ್ತದೆ ಎಂದು ಊಹಿಸಬೇಡಿ, ನಿಮ್ಮದೇ ಮಾಡಿಸಿ.

ಸಾಮಾನು ಸಾಗಿಸುವ ವಾರ

ಹಳೆಯ ಆಫೀಸಿನ ಇಂಟರ್ನೆಟ್ ಲೈನನ್ನು ಎರಡು ವಾರವಾದರೂ ಹಾಗೇ ಬಿಡಿ. ಮೊದಲು ಇಬ್ಬರು ಹೋಗಿ ಒಂದು ದಿನ ಕೆಲಸ ಮಾಡಿ ಬರಲಿ, ಉಳಿದವರು ಆಮೇಲೆ. ಬ್ಯಾಂಕ್, ತೆರಿಗೆ ಇಲಾಖೆ, ವಿಮೆ, ಗ್ರಾಹಕರ ಬಿಲ್, ಆನ್‌ಲೈನ್ ನಕ್ಷೆ ಎಲ್ಲ ಕಡೆ ವಿಳಾಸ ಬದಲಿಸುವ ಹೊಣೆ ಒಬ್ಬರಿಗೇ ಕೊಡಿ. ಇಬ್ಬರಿಗೆ ಕೊಟ್ಟರೆ ಯಾರೂ ಮಾಡುವುದಿಲ್ಲ!

ಹೊಸ ಜಾಗದಲ್ಲಿ ಒಂದೆರಡು ನಿಯಮ ಸಾಕು. ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಬೇಕು. ಮೀಟಿಂಗ್ ಮುಗಿದ ಮೇಲೆ ವೈಟ್‌ಬೋರ್ಡ್ ಒರೆಸಬೇಕು. ಬೋರ್ಡಿನ ಮೇಲೆ ಗ್ರಾಹಕರ ಹೆಸರು, ಪಕ್ಕದಲ್ಲೇ ಒಪ್ಪಿಕೊಂಡ ರಿಯಾಯಿತಿ, ಕೆಳಗೆ ಎರಡು ಗೆರೆ ಹಾಗೇ ಉಳಿದಿವೆ ಎನ್ನಿ. ಮುಂದಿನ ಗಂಟೆಗೆ ರೂಮ್ ಬುಕ್ ಮಾಡಿದವರು ನಿಮ್ಮ ಪೈಪೋಟಿದಾರರೇ ಆಗಿರಬಹುದು.

ಮೂರನೇ ತಿಂಗಳಲ್ಲಿ ಆ ಎರಡು ವಾರದ ಹಾಳೆಯನ್ನು ಮತ್ತೊಮ್ಮೆ ಬರೆಯಿರಿ. ಖಾಲಿ ಸೀಟು ಕಂಡರೆ ಬಿಟ್ಟುಕೊಡಿ. ಅನೇಕ ಕರಾರುಗಳು ತಾವಾಗಿಯೇ ನವೀಕರಣ ಆಗುತ್ತವೆ. ನೋಟಿಸ್ ಕೊಡಬೇಕಾದ ಕೊನೆಯ ದಿನಾಂಕವನ್ನು ಇವತ್ತೇ ಇಬ್ಬರ ಕ್ಯಾಲೆಂಡರ್‌ನಲ್ಲಿ ಹಾಕಿಡಿ.